ಜಾಲ ಸಂಪರ್ಕ: ಸ್ವಿಚ್ಚಿನಲ್ಲಿ ಬರೆದ ಸಂಖ್ಯೆಗಳು ಗ್ರಾಹಕರಿಗೂ ತಿಳಿಯಲಿ

ಸಂಪಾದಕರಿಗೆ,

ಮಾನ್ಯರೇ,

ದೂರದೂರದ ಕಚೇರಿಗಳನ್ನು, ಬ್ಯಾಂಕುಗಳನ್ನು, ಆಸ್ಪತ್ರೆಗಳನ್ನು ಒಂದಕ್ಕೊಂದು ಜೋಡಿಸುವ ವೈಡ್ ಏರಿಯಾ ನೆಟ್‌ವರ್ಕ್ ಕೈಕೊಟ್ಟಾಗ ಪತ್ರಿಕೆಗಳಲ್ಲಿ ಬರುವ ವರದಿಗಳು ಸಾಮಾನ್ಯವಾಗಿ ಎರಡೇ ಕಾರಣಗಳ ಸುತ್ತ ತಿರುಗುತ್ತವೆ: ಎಲ್ಲೋ ಕೇಬಲ್ ತುಂಡಾಯಿತು, ಇಲ್ಲವೇ ಯಾವುದೋ ಯಂತ್ರ ಕೆಟ್ಟಿತು. ಕೇಬಲ್ಲೂ ಗಟ್ಟಿಯಾಗಿದ್ದು, ಯಂತ್ರವೂ ನೆಟ್ಟಗಿದ್ದು, ಸ್ವಿಚ್ಚಿನಲ್ಲಿ (ದತ್ತಾಂಶವನ್ನು ಒಂದು ತಂತಿಯಿಂದ ಇನ್ನೊಂದಕ್ಕೆ ದಾಟಿಸುವ ಯಂತ್ರದಲ್ಲಿ) ಸಂಪರ್ಕವನ್ನು ಕಾನ್ಫಿಗರ್ ಮಾಡುವಾಗ, ಅಂದರೆ ಹೊಂದಿಸುವಾಗ, ಬರೆದ ಒಂದು ಸಂಖ್ಯೆ ಮಾತ್ರ ತಪ್ಪಾಗಿರಬಹುದಾದ ಮೂರನೆಯ ಸಾಧ್ಯತೆಯ ಬಗ್ಗೆ ಕೇಳುವವರು ವಿರಳ. ಸೇವೆ ಕೊಡುವವರಂತೂ ತಾವಾಗಿಯೇ ಅದನ್ನು ಹೇಳುವುದಿಲ್ಲ. ಇಂಥ ಸಂಪರ್ಕಗಳನ್ನು ಕಾನ್ಫಿಗರ್ ಮಾಡುವುದೂ ಅವು ಕೆಟ್ಟಾಗ ಹುಡುಕಿ ಸರಿಪಡಿಸುವುದೂ ನನ್ನ ಉದ್ಯೋಗವಾಗಿರುವುದರಿಂದ, ಈ ಮೂರನೆಯ ಕಾರಣದ ಕುರಿತು ತಮ್ಮ ಓದುಗರ ಗಮನ ಸೆಳೆಯಲು ಬಯಸುತ್ತೇನೆ. ನನ್ನ ಒತ್ತಾಯ ಇಷ್ಟೇ: ಒಂದು ಸಂಪರ್ಕವನ್ನು ಗ್ರಾಹಕರಿಗೆ ಒಪ್ಪಿಸುವಾಗ ಅದಕ್ಕಾಗಿ ಎರಡೂ ತುದಿಗಳ ಸ್ವಿಚ್ಚುಗಳಲ್ಲಿ ಬರೆದ ಸಂಖ್ಯೆಗಳನ್ನೂ, ಎರಡೂ ದಿಕ್ಕಿನಲ್ಲಿ ಪೂರ್ಣ ಹೊರೆ ಹಾಕಿ ನಡೆಸಿದ ಪರೀಕ್ಷೆಯ ಫಲಿತಾಂಶವನ್ನೂ ಲಿಖಿತವಾಗಿ ಕೊಡುವುದು ಕಡ್ಡಾಯವಾಗಬೇಕು.

ಇದನ್ನು ಯಾಕೆ ಹೇಳುತ್ತಿದ್ದೇನೆಂದು ವಿವರಿಸಬೇಕಾದರೆ, ಸ್ವಿಚ್ಚಿನೊಳಗೆ ಸಂಪರ್ಕ ಎಂಬುದು ಯಾವ ರೂಪದಲ್ಲಿರುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು. ಅದು ಒಂದು ಕೋಷ್ಟಕದ ಒಂದು ಸಾಲು. ಯಾವ ಪೋರ್ಟಿನಿಂದ (ತಂತಿ ಸಿಕ್ಕಿಸುವ ಬಾಯಿಯಿಂದ), ಯಾವ ಗುರುತಿನ ಸಂಖ್ಯೆ ಹೊತ್ತು ಬಂದ ದತ್ತಾಂಶವನ್ನು ಯಾವ ಪೋರ್ಟಿಗೆ, ಯಾವ ಹೊಸ ಸಂಖ್ಯೆ ಅಂಟಿಸಿ ಕಳುಹಿಸಬೇಕು ಎಂಬುದಷ್ಟೇ ಆ ಸಾಲಿನಲ್ಲಿರುತ್ತದೆ. ಫ್ರೇಮ್ ರಿಲೇ ಎಂಬ ಹಳೆಯ ಜಾಲ ತಂತ್ರಜ್ಞಾನದಲ್ಲಿ ಈ ಗುರುತಿನ ಸಂಖ್ಯೆಯನ್ನು ಡಿಎಲ್‌ಸಿಐ ಎನ್ನುತ್ತಾರೆ. ಅದು ಸಾಮಾನ್ಯವಾಗಿ 10 ಬಿಟ್‌ಗಳದ್ದಾದ್ದರಿಂದ 0ಯಿಂದ 1023ರವರೆಗೆ ಹೋಗುತ್ತದೆ, ಆದರೆ ತುದಿಯ ಕೆಲವು ಸಂಖ್ಯೆಗಳು ಜಾಲದ ಸ್ವಂತ ಕೆಲಸಕ್ಕೆ ಮೀಸಲಾಗಿದ್ದು ಗ್ರಾಹಕರ ಪಾಲಿಗೆ 16ರಿಂದ 1007ರವರೆಗಿನವು ಮಾತ್ರ ಉಳಿಯುತ್ತವೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಸಂಖ್ಯೆಗೆ ಆ ಒಂದು ಲಿಂಕಿನ (ಎರಡು ಯಂತ್ರಗಳ ನಡುವಿನ ತಂತಿಯ) ಮೇಲೆ ಮಾತ್ರ ಅರ್ಥವಿದೆ. ಒಂದು ಬೀದಿಯ 12ನೇ ನಂಬರಿನ ಮನೆಗೂ ಪಕ್ಕದ ಬೀದಿಯ 12ನೇ ನಂಬರಿನ ಮನೆಗೂ ಹೇಗೆ ಸಂಬಂಧವಿಲ್ಲವೋ ಹಾಗೆ, ಒಂದು ತುದಿಯಲ್ಲಿ 100 ಎಂದಿರುವ ಸಂಪರ್ಕ ಇನ್ನೊಂದು ತುದಿಯಲ್ಲಿ 200 ಆಗಿರಬಹುದು, ನಡುವಿನ ಲಿಂಕುಗಳಲ್ಲಿ ಬೇರೆಯೇ ಏನೋ ಆಗಿರಬಹುದು, ಮತ್ತು ಅದೇ 100 ಎಂಬ ಸಂಖ್ಯೆ ಅದೇ ಸ್ವಿಚ್ಚಿನ ಇನ್ನೊಂದು ಪೋರ್ಟಿನಲ್ಲಿ ಮತ್ತೊಬ್ಬ ಗ್ರಾಹಕರದ್ದಾಗಿರಬಹುದು. ಸಂಪರ್ಕವನ್ನು ಸ್ವಿಚ್ಚಿನಿಂದ ಸ್ವಿಚ್ಚಿಗೆ ಕೈಯಿಂದಲೇ ಹೊಂದಿಸಿದ ಜಾಲದಲ್ಲಿ ಮೂರು ಸ್ವಿಚ್ಚುಗಳನ್ನು ದಾಟುವ ಒಂದೇ ಒಂದು ಸಂಪರ್ಕಕ್ಕೆ ನಾಲ್ಕು ಲಿಂಕುಗಳ ನಾಲ್ಕು ಸಂಖ್ಯೆಗಳು ತಾಳೆಯಾಗಬೇಕು. ಒಂದರಲ್ಲಿ ಅಂಕಿ ಅದಲುಬದಲಾದರೆ ದತ್ತಾಂಶ ಎಲ್ಲಿಗೂ ತಲುಪದೆ ಮಾಯವಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಸಂಖ್ಯೆ ಈಗಾಗಲೇ ಇನ್ನೊಬ್ಬರಿಗೆ ಸೇರಿದ್ದರೆ, ಒಬ್ಬರ ದತ್ತಾಂಶ ಮತ್ತೊಬ್ಬರ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಸ್ವಿಚ್ಚು ತಾನೇ ಈ ಬಗ್ಗೆ ಎಚ್ಚರಿಕೆ ಕೊಡುವುದಿಲ್ಲವೇ ಎಂದು ಓದುಗರು ಕೇಳಬಹುದು. ಒಂದು ಮಟ್ಟಿಗೆ ಕೊಡುತ್ತದೆ. ಫ್ರೇಮ್ ರಿಲೇಯಲ್ಲಿ ಗ್ರಾಹಕರ ರೂಟರ್ ಸಾಮಾನ್ಯವಾಗಿ ಪ್ರತಿ 10 ಸೆಕೆಂಡಿಗೊಮ್ಮೆ ಸ್ವಿಚ್ಚನ್ನು ವಿಚಾರಿಸುತ್ತದೆ, ಪ್ರತಿ ಆರನೆಯ ಸಲ ಎಲ್ಲ ಸಂಪರ್ಕಗಳ ಪೂರ್ಣ ಸ್ಥಿತಿಯನ್ನು ಕೇಳುತ್ತದೆ. ಈ ವಿಚಾರಣೆಗೂ ಒಂದಕ್ಕಿಂತ ಹೆಚ್ಚು ಪದ್ಧತಿಗಳಿವೆ. ಅಮೆರಿಕದ ಮಾನಕ ಸಂಸ್ಥೆಯಾದ ಎಎನ್‌ಎಸ್‌ಐ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪದ್ಧತಿಗಳು ಇದಕ್ಕೆ ಡಿಎಲ್‌ಸಿಐ 0ಯನ್ನು ಬಳಸಿದರೆ, ತಯಾರಕರೇ ಮೊದಲು ರೂಪಿಸಿಕೊಂಡ ಹಳೆಯ ಪದ್ಧತಿ 1023ನ್ನು ಬಳಸುತ್ತದೆ. ಎರಡು ಕಡೆ ಬೇರೆ ಬೇರೆ ಪದ್ಧತಿ ಆರಿಸಿದ್ದರೆ ತಂತಿ ಚೆನ್ನಾಗಿದ್ದರೂ ಲಿಂಕ್ ಏಳುವುದೇ ಇಲ್ಲ. ಇದು ಒಳ್ಳೆಯ ಬಗೆಯ ತಪ್ಪು, ಏಕೆಂದರೆ ತಕ್ಷಣ ಕಾಣಿಸಿಕೊಳ್ಳುತ್ತದೆ. ಪದ್ಧತಿ ತಾಳೆಯಾದ ಮೇಲೆ ರೂಟರಿನ ಪರದೆಯಲ್ಲಿ ಸಂಪರ್ಕದ ಸ್ಥಿತಿ ಮೂರರಲ್ಲಿ ಒಂದಾಗಿ ಕಾಣುತ್ತದೆ. ಡಿಲೀಟೆಡ್ ಎಂದಿದ್ದರೆ ಆ ಸಂಖ್ಯೆಯ ಸಂಪರ್ಕವೇ ಹತ್ತಿರದ ಸ್ವಿಚ್ಚಿನಲ್ಲಿಲ್ಲ. ಇನ್‌ಆ್ಯಕ್ಟಿವ್ ಎಂದಿದ್ದರೆ ಈ ತುದಿ ಸರಿಯಿದೆ, ಆ ತುದಿ ಎದ್ದಿಲ್ಲ. ಆ್ಯಕ್ಟಿವ್ ಎಂದಿದ್ದರೆ ಜಾಲದ ದೃಷ್ಟಿಯಲ್ಲಿ ಎಲ್ಲವೂ ಸರಿ. ಬಹುಪಾಲು ಸೇವಾದಾರರು ಈ ಮೂರನೆಯದು ಕಂಡ ಕೂಡಲೇ ಕೆಲಸ ಮುಗಿಯಿತೆಂದು ಸಹಿ ಪಡೆದು ಹೊರಡುತ್ತಾರೆ. ನಿಜವಾದ ತೊಂದರೆಗಳು ಶುರುವಾಗುವುದು ಅಲ್ಲಿಂದ ಮುಂದೆ.

ಏಕೆಂದರೆ ಕೋಷ್ಟಕದ ಆ ಸಾಲಿನಲ್ಲಿ ಗುರುತಿನ ಸಂಖ್ಯೆಗಳ ಜೊತೆಗೆ ವೇಗದ ಒಪ್ಪಂದವೂ ಇರುತ್ತದೆ. ಫ್ರೇಮ್ ರಿಲೇಯಲ್ಲಿ ಖಾತರಿ ವೇಗವನ್ನು ಸಿಐಆರ್ ಎನ್ನುತ್ತಾರೆ. ಅದರೊಡನೆ, ಒಂದು ಅವಧಿಯಲ್ಲಿ ಖಾತರಿಯಾಗಿ ಒಪ್ಪಿಕೊಳ್ಳುವ ಬಿಟ್‌ಗಳ ಪ್ರಮಾಣವನ್ನೂ, ಅದರ ಮೇಲೆ ಅನುಕೂಲವಿದ್ದರೆ ಸಾಗಿಸುವ ಹೆಚ್ಚುವರಿ ಪ್ರಮಾಣವನ್ನೂ ಬರೆಯಬೇಕು. ಸಿಐಆರ್ ಸೆಕೆಂಡಿಗೆ 64 ಕಿಲೋಬಿಟ್, ಖಾತರಿ ಪ್ರಮಾಣ 8,000 ಬಿಟ್ ಎಂದು ಕೊಟ್ಟರೆ ಅಳತೆಯ ಅವಧಿ ಸೆಕೆಂಡಿನ ಎಂಟನೇ ಒಂದು ಭಾಗವಾಗುತ್ತದೆ. ಆ ಅವಧಿಯೊಳಗೆ 8,000 ಬಿಟ್ ಮೀರಿದ ಫ್ರೇಮುಗಳಿಗೆ (ದತ್ತಾಂಶದ ಕಟ್ಟುಗಳಿಗೆ), ದಟ್ಟಣೆಯಾದರೆ ಮೊದಲು ಇವುಗಳನ್ನು ಬಿಸಾಡಬಹುದು ಎಂಬ ಗುರುತು ಬೀಳುತ್ತದೆ. ಹೆಚ್ಚುವರಿ ಪ್ರಮಾಣವನ್ನೂ ಮೀರಿದವು ಬಾಗಿಲಲ್ಲೇ ಬೀಳುತ್ತವೆ. ಹೆಚ್ಚುವರಿಯನ್ನು ಸೊನ್ನೆ ಎಂದು ಬಿಟ್ಟಿದ್ದರೆ, ಜಾಲ ಖಾಲಿ ಹೊಡೆಯುತ್ತಿದ್ದರೂ ಖಾತರಿಗಿಂತ ಒಂದು ಫ್ರೇಮೂ ಹೆಚ್ಚು ಸಾಗುವುದಿಲ್ಲ. ಇವೆಲ್ಲ ನಡೆಯುತ್ತಿರುವಾಗಲೂ ಪರದೆಯ ಮೇಲೆ ಸಂಪರ್ಕ ಆ್ಯಕ್ಟಿವ್ ಆಗಿಯೇ ಇರುತ್ತದೆ, ಆ ತುದಿ ಸಿಗುತ್ತದೆಯೇ ಎಂದು ನೋಡಲು ಕಳುಹಿಸುವ ಪುಟ್ಟ ಪಿಂಗ್ ಪ್ಯಾಕೆಟ್‌ಗಳು ಚೆನ್ನಾಗಿಯೇ ಹೋಗಿ ಬರುತ್ತಿರುತ್ತವೆ.

ಎಟಿಎಂ ಎಂಬ ಇನ್ನೊಂದು ಜಾಲ ತಂತ್ರಜ್ಞಾನದ ಸ್ವಿಚ್ಚುಗಳಲ್ಲಿ ಈ ಸಂಖ್ಯೆಗಳ ವಿಷಯ ಇನ್ನೂ ಸೂಕ್ಷ್ಮ. (ಹಣ ಕೊಡುವ ಯಂತ್ರಕ್ಕೂ ಈ ಹೆಸರಿಗೂ ಸಂಬಂಧವಿಲ್ಲ.) ಎಟಿಎಂನಲ್ಲಿ ದತ್ತಾಂಶವೆಲ್ಲ 53 ಬೈಟ್‌ಗಳ ಸೆಲ್‌ಗಳಾಗಿ ಒಡೆದು ಸಾಗುತ್ತದೆ, ಅದರಲ್ಲಿ 5 ಬೈಟ್ ತಲೆಬರಹ, 48 ಬೈಟ್ ಸರಕು. ಹಲವು ಸ್ವಿಚ್ಚುಗಳು ವೇಗವನ್ನು ಕಿಲೋಬಿಟ್‌ನಲ್ಲಿ ಕೇಳುವುದಿಲ್ಲ, ಸೆಕೆಂಡಿಗೆ ಎಷ್ಟು ಸೆಲ್ ಎಂದು ಕೇಳುತ್ತವೆ. 2048 ಕಿಲೋಬಿಟ್ ವೇಗಕ್ಕೆ ಸೆಕೆಂಡಿಗೆ 4830 ಸೆಲ್ ಎಂದು ಬರೆಯಬೇಕು. ಅಭ್ಯಾಸಬಲದಿಂದ 2048 ಎಂದೇ ಬರೆದುಬಿಟ್ಟರೆ ಸ್ವಿಚ್ಚು ತಕರಾರು ಮಾಡುವುದಿಲ್ಲ, ಅದು ಅದರ ಪಾಲಿಗೆ ಸಿಂಧುವಾದ ಸಂಖ್ಯೆಯೇ. ಆದರೆ ಗ್ರಾಹಕರಿಗೆ ಸಿಗುವುದು ತಲೆಬರಹಗಳನ್ನೂ ಸೇರಿಸಿ ಸುಮಾರು 868 ಕಿಲೋಬಿಟ್. ಇದಕ್ಕೆ ಪ್ರತಿಯಾಗಿ ಸೆಕೆಂಡಿಗೆ ಒಟ್ಟು 2048 ಕಿಲೋಬಿಟ್ ಸಾಗಿಸುವ ಇ1 ಎಂಬ ಬಗೆಯ ತಂತಿಯ ಮೇಲೆ ನೇರವಾಗಿ ಎಟಿಎಂ ಓಡಿಸುವಾಗ 32 ಕಾಲಾಂಶಗಳಲ್ಲಿ 30 ಮಾತ್ರ ಸೆಲ್ ಹೊರುವುದರಿಂದ ಗರಿಷ್ಠ 4528 ಸೆಲ್ ಮಾತ್ರ ಸಾಧ್ಯ, ಅಲ್ಲಿ 4830 ಎಂದು ಬರೆಯುವುದೂ ತಪ್ಪೇ. ಲೆಕ್ಕ ಕಷ್ಟದ್ದಲ್ಲ, ಆದರೆ ಯಾವ ಸಂಖ್ಯೆಯ ಪಕ್ಕದಲ್ಲಿ ಯಾವ ಅಳತೆಯ ಮಾನವಿದೆ ಎಂಬುದನ್ನು ಪ್ರತಿ ಸಲ ನೋಡಲೇಬೇಕು.

ನನ್ನ ಗಮನಕ್ಕೆ ಬಂದ ಒಂದು ಪ್ರಕರಣದಲ್ಲಿ ಆದದ್ದು ಇದೇ. ಒಂದು ಸಂಸ್ಥೆಯ ಕೇಂದ್ರ ಕಚೇರಿಗೂ ಶಾಖೆಗೂ ನಡುವೆ 2048 ಕಿಲೋಬಿಟ್‌ನ ಎಟಿಎಂ ಸಂಪರ್ಕವಿತ್ತು. ಎರಡು ತುದಿಗಳನ್ನು ಬೇರೆ ಬೇರೆ ಎಂಜಿನಿಯರುಗಳು ಕಾನ್ಫಿಗರ್ ಮಾಡಿದ್ದರು. ಕೇಂದ್ರದ ಕಡೆಯ ಸ್ವಿಚ್ಚಿನಲ್ಲಿ 4830 ಇತ್ತು, ಶಾಖೆಯ ಕಡೆಯದರಲ್ಲಿ 2048 ಇತ್ತು. ಕೇಂದ್ರದಿಂದ ಶಾಖೆಗೆ ಎಲ್ಲವೂ ಸರಾಗವಾಗಿ ಬರುತ್ತಿತ್ತು. ಶಾಖೆಯಿಂದ ಕೇಂದ್ರಕ್ಕೆ ಚಿಕ್ಕ ಸಂದೇಶಗಳು ಹೋಗುತ್ತಿದ್ದವು, ರಾತ್ರಿ ಕಳುಹಿಸುವ ದೊಡ್ಡ ಕಡತಗಳು ಮಾತ್ರ ಬೆಳಗಾದರೂ ಮುಗಿಯುತ್ತಿರಲಿಲ್ಲ. ಸೇವಾದಾರರು ಪ್ರತಿ ದೂರಿಗೂ ಪಿಂಗ್ ಮಾಡಿ ತೋರಿಸಿ, ಸಂಪರ್ಕ ಸರಿಯಿದೆ, ನಿಮ್ಮ ಸರ್ವರ್ ನೋಡಿಕೊಳ್ಳಿ ಎಂದು ಉತ್ತರಿಸಿದರು. ಶಾಖೆಯವರು ಸರ್ವರ್ ಬದಲಿಸಿದರು, ರೂಟರ್ ಬದಲಿಸಿದರು. ಕೊನೆಗೆ ಒಬ್ಬರು ಹಟ ಹಿಡಿದು ಶಾಖೆಯ ಕಡೆಯ ಸ್ವಿಚ್ಚಿನಲ್ಲಿ ಆ ಸಂಪರ್ಕದ ಎಣಿಕೆಗಳನ್ನು ತೆಗೆಸಿ ನೋಡಿದಾಗ, ಒಪ್ಪಂದ ಮೀರಿದವೆಂದು ಬಿಸಾಡಿದ ಸೆಲ್‌ಗಳ ಎಣಿಕೆ ಕಣ್ಣೆದುರೇ ಏರುತ್ತಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ಎರಡು ತುದಿಗಳ ಸಂಖ್ಯೆಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ನೋಡಿದವರು ಯಾರೂ ಇರಲಿಲ್ಲ, ಅಷ್ಟೆ.

868 ಕಿಲೋಬಿಟ್ ಆದರೂ ಸಿಗಬೇಕಿತ್ತಲ್ಲವೇ, ಕಡತಗಳು ಅಷ್ಟು ನಿಧಾನವಾದದ್ದೇಕೆ ಎಂಬ ಪ್ರಶ್ನೆ ಸಹಜ. 1500 ಬೈಟ್‌ಗಳ ಒಂದು ಪ್ಯಾಕೆಟ್, ಅದಕ್ಕೆ ಸೇರುವ ಹೆಚ್ಚುವರಿ ಬೈಟ್‌ಗಳೊಂದಿಗೆ, 32 ಸೆಲ್‌ಗಳಾಗುತ್ತದೆ. ಅವುಗಳಲ್ಲಿ ಒಂದೇ ಒಂದು ಸೆಲ್ ಬಿದ್ದುಹೋದರೂ ಉಳಿದ 31ರಿಂದ ಆ ಪ್ಯಾಕೆಟ್ಟನ್ನು ಮತ್ತೆ ಕಟ್ಟಲಾಗುವುದಿಲ್ಲ, ಇಡೀ ಪ್ಯಾಕೆಟ್ಟನ್ನೇ ಮತ್ತೊಮ್ಮೆ ಕಳುಹಿಸಬೇಕು. ನೂರಕ್ಕೆ ಒಂದು ಸೆಲ್ ಅಲ್ಲೊಂದು ಇಲ್ಲೊಂದರಂತೆ ಕಳೆದರೂ ಅಂಥ ದೊಡ್ಡ ಪ್ಯಾಕೆಟ್‌ಗಳಲ್ಲಿ ನೂರಕ್ಕೆ ಸುಮಾರು 27 ಹಾಳಾಗುತ್ತವೆ. ರೂಟರ್ 2048 ಕಿಲೋಬಿಟ್ ವೇಗದಲ್ಲಿ ಸುರಿಯುತ್ತಿರುವಾಗ ಸ್ವಿಚ್ಚು ಅರ್ಧಕ್ಕಿಂತ ಹೆಚ್ಚು ಸೆಲ್‌ಗಳನ್ನು ಬಿಸಾಡುತ್ತಿದ್ದರೆ, ಆ ಹೊತ್ತಿನಲ್ಲಿ ಇಡಿಯಾಗಿ ತಲುಪುವ ದೊಡ್ಡ ಪ್ಯಾಕೆಟ್ ಸಿಗುವುದೇ ಅಪರೂಪ. ಇದನ್ನು ತಡೆಯಲೆಂದೇ, ಒಂದು ಸೆಲ್ ಬಿಸಾಡಬೇಕಾಗಿ ಬಂದರೆ ಆ ಪ್ಯಾಕೆಟ್ಟಿನ ಉಳಿದ ಸೆಲ್‌ಗಳನ್ನೂ ಬಿಸಾಡುವ ಆಯ್ಕೆಯೊಂದು ಸ್ವಿಚ್ಚುಗಳಲ್ಲಿದೆ. ಸಂಪರ್ಕ ಸೇರಿಸುವಾಗ ಅದನ್ನು ಒಂದು ಮಾತಿನಲ್ಲಿ ಚಾಲೂ ಮಾಡಬಹುದು, ಆದರೆ ಹೇಳದಿದ್ದರೆ ಎಷ್ಟೋ ಸ್ವಿಚ್ಚುಗಳಲ್ಲಿ ಅದು ತಾನಾಗಿ ಚಾಲೂ ಆಗುವುದಿಲ್ಲ.

ಇನ್ನೂ ಒಂದು ಸಂಗತಿಯನ್ನು ಇಲ್ಲಿ ಸೇರಿಸುತ್ತೇನೆ, ಸಣ್ಣ ಆಯ್ಕೆಯೊಂದರ ಬೆಲೆ ಎಷ್ಟಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಎಟಿಎಂ ಮೇಲೆ ಪ್ಯಾಕೆಟ್ ಸಾಗಿಸಲು ಎರಡು ಕಟ್ಟುವ ವಿಧಾನಗಳಿವೆ. 1993ರ ಆರ್‌ಎಫ್‌ಸಿ 1483 ಎಂಬ ಅಂತರ್ಜಾಲ ತಾಂತ್ರಿಕ ದಾಖಲೆಯಲ್ಲಿ ಇವೆರಡನ್ನೂ ವಿವರಿಸಲಾಗಿದೆ. ಒಂದರಲ್ಲಿ ಪ್ರತಿ ಪ್ಯಾಕೆಟ್ಟಿಗೆ 8 ಬೈಟ್‌ಗಳ ಗುರುತುಪಟ್ಟಿ ಹೆಚ್ಚಾಗಿ ಸೇರುತ್ತದೆ, ಇನ್ನೊಂದರಲ್ಲಿ ಸೇರುವುದಿಲ್ಲ. ಕಡತ ತಲುಪಿತೆಂದು ಹೇಳುವ 40 ಬೈಟ್‌ಗಳ ಸ್ವೀಕೃತಿ ಪ್ಯಾಕೆಟ್, ಕೊನೆಯಲ್ಲಿ ಸೇರುವ 8 ಬೈಟ್‌ಗಳೊಂದಿಗೆ 48 ಆಗಿ, ಎರಡನೆಯ ವಿಧಾನದಲ್ಲಿ ಒಂದೇ ಸೆಲ್ಲಿನಲ್ಲಿ ಸರಿಯಾಗಿ ಕೂರುತ್ತದೆ. ಮೊದಲನೆಯ ವಿಧಾನದಲ್ಲಿ 56 ಆಗಿ ಎರಡು ಸೆಲ್ ಬೇಡುತ್ತದೆ. ಅಂದರೆ ಸ್ವೀಕೃತಿಗಳ ಹೊರೆ ಇಮ್ಮಡಿ. ಇದು ಬರೀ ಲಾಭನಷ್ಟದ ಮಾತಾಯಿತು. ಎರಡು ತುದಿಗಳಲ್ಲಿ ಬೇರೆ ಬೇರೆ ವಿಧಾನ ಆರಿಸಿದರೆ ಸೆಲ್‌ಗಳೇನೋ ತಲುಪುತ್ತವೆ, ಸಂಪರ್ಕವೂ ಎದ್ದಿರುತ್ತದೆ, ಎಣಿಕೆಗಳೂ ಏರುತ್ತವೆ, ಆದರೆ ಒಂದು ಪ್ಯಾಕೆಟ್ಟೂ ಆ ಕಡೆಯವರಿಗೆ ಅರ್ಥವಾಗುವುದಿಲ್ಲ.

ಫ್ರೇಮ್ ರಿಲೇ, ಎಟಿಎಂ ಎರಡೂ ಹೆಚ್ಚಿನ ಕಡೆಗಳಲ್ಲಿ ತೆರೆಮರೆಗೆ ಸರಿದಿವೆ, ಈಗ ಅವುಗಳ ಜಾಗಕ್ಕೆ ಬಂದ ಈಥರ್‌ನೆಟ್ ಮತ್ತು ಎಂಪಿಎಲ್‌ಎಸ್ ತಂತ್ರಜ್ಞಾನಗಳ ಕಾಲ, ಹಳೆಯ ಕತೆ ಯಾಕೆ ಎಂದು ಕೆಲವರು ಹೇಳಬಹುದು. ತಪ್ಪುಗಳು ನಿವೃತ್ತಿಯಾಗಿಲ್ಲ. ಡಿಎಲ್‌ಸಿಐ ಇದ್ದ ಜಾಗಕ್ಕೆ ಒಂದೇ ತಂತಿಯ ಮೇಲಿನ ಬೇರೆ ಬೇರೆ ಜಾಲಗಳನ್ನು ಗುರುತಿಸುವ ವಿಲ್ಯಾನ್ ಸಂಖ್ಯೆ ಬಂದಿದೆ, 12 ಬಿಟ್‌ಗಳದ್ದು, 1ರಿಂದ 4094ರವರೆಗೆ ಬಳಸಬಹುದು. ಅದು ಸಾಲದೆಂದು ಗ್ರಾಹಕರ ವಿಲ್ಯಾನ್ ಮೇಲೆ ಸೇವಾದಾರರು ತಮ್ಮದೊಂದು ವಿಲ್ಯಾನ್ ಪಟ್ಟಿಯನ್ನು ಅಂಟಿಸುತ್ತಾರೆ. ಪ್ರತಿ ಪಟ್ಟಿಗೂ 4 ಬೈಟ್ ಬೇಕು. ಪಟ್ಟಿಯಿಲ್ಲದ ಗರಿಷ್ಠ ಈಥರ್‌ನೆಟ್ ಫ್ರೇಮ್ 1518 ಬೈಟ್ ಇದ್ದದ್ದು ಒಂದು ಪಟ್ಟಿಯೊಂದಿಗೆ 1522, ಎರಡರೊಂದಿಗೆ 1526 ಆಗುತ್ತದೆ. ಎಂಪಿಎಲ್‌ಎಸ್ ಲೇಬಲ್‌ಗಳು ಸೇರಿದರೆ ತಲಾ ಇನ್ನೂ 4. ದಾರಿಯ ನಡುವಿನ ಒಂದು ಸ್ವಿಚ್ಚಿನ ಒಂದು ಪೋರ್ಟಿನಲ್ಲಿ ಗರಿಷ್ಠ ಗಾತ್ರವನ್ನು ಏರಿಸಲು ಮರೆತಿದ್ದರೆ, ಆ ಪೋರ್ಟು ದೊಡ್ಡ ಫ್ರೇಮುಗಳನ್ನು ಸದ್ದಿಲ್ಲದೆ ಬಿಸಾಡುತ್ತದೆ. ಪಿಂಗ್ ಹೋಗುತ್ತದೆ, ಲಾಗಿನ್ ಪುಟ ಬರುತ್ತದೆ, ಲಾಗಿನ್ ಆದ ಮೇಲಿನ ದೊಡ್ಡ ಪುಟ ಬರುವುದಿಲ್ಲ. ಬಳಕೆದಾರರು ತಂತ್ರಾಂಶ ಕೆಟ್ಟಿದೆ ಎನ್ನುತ್ತಾರೆ, ತಂತ್ರಾಂಶದವರು ಜಾಲ ಕೆಟ್ಟಿದೆ ಎನ್ನುತ್ತಾರೆ, ಜಾಲದವರು ಪಿಂಗ್ ತೋರಿಸುತ್ತಾರೆ. ಒಡೆಯಕೂಡದು ಎಂಬ ಗುರುತು ಹಾಕಿ 1472 ಬೈಟ್‌ಗಳ ಸರಕಿನ ಪಿಂಗ್ ಕಳುಹಿಸಿದ್ದರೆ, ತಲೆಬರಹಗಳ 28 ಬೈಟ್ ಸೇರಿ ಸರಿಯಾಗಿ 1500 ಆಗಿ, ವಿಷಯ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ವೇಗದ ಒಪ್ಪಂದವೂ ಹಾಗೆಯೇ ಉಳಿದಿದೆ, ಸಿಐಆರ್ ಎಂಬ ಹೆಸರನ್ನು ಕೂಡ ಬದಲಿಸಿಲ್ಲ. ಗಿಗಾಬಿಟ್ ಪೋರ್ಟಿನ ಮೇಲೆ 100 ಮೆಗಾಬಿಟ್‌ನ ಸಂಪರ್ಕ ಕೊಟ್ಟು, ಒಮ್ಮೆಲೇ ಬರಬಹುದಾದ ಗುಂಪಿನ ಗಾತ್ರವನ್ನು 12,000 ಬೈಟ್ ಎಂದು ಬರೆದರೆ, ಅದರಲ್ಲಿ ಸುಮಾರು ಎಂಟು ದೊಡ್ಡ ಪ್ಯಾಕೆಟ್ ಹಿಡಿಸುತ್ತವೆ. ಗಿಗಾಬಿಟ್ ವೇಗದಲ್ಲಿ ಅಷ್ಟು ಪ್ಯಾಕೆಟ್ ಬಂದುಬೀಳಲು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಗ್ರಾಹಕರ ಕಂಪ್ಯೂಟರುಗಳು ಸಹಜವಾಗಿ ಪ್ಯಾಕೆಟ್‌ಗಳನ್ನು ಗುಂಪುಗುಂಪಾಗಿಯೇ ಕಳುಹಿಸುವುದರಿಂದ ಪ್ರತಿ ಗುಂಪಿನ ಬಾಲ ಕತ್ತರಿಸಿಹೋಗುತ್ತದೆ, ಕಳುಹಿಸುವ ಯಂತ್ರ ಇದನ್ನು ದಟ್ಟಣೆಯೆಂದು ತಿಳಿದು ವೇಗ ತಗ್ಗಿಸುತ್ತದೆ, ಹಣ ಕೊಟ್ಟ 100 ಮೆಗಾಬಿಟ್ ಎಂದೂ ಕೈಗೆ ಸಿಗುವುದಿಲ್ಲ. ಸರಾಸರಿ ತೋರಿಸುವ ಐದು ನಿಮಿಷದ ನಕ್ಷೆಯಲ್ಲಿ ಇದರ ಸುಳಿವೇ ಇರುವುದಿಲ್ಲ, ಬಳಕೆ ಕಡಿಮೆಯಿದೆ, ನಿಮಗೆ ಇಷ್ಟು ವೇಗವೇ ಬೇಡ ಎಂಬ ಸಲಹೆ ಬೇರೆ ಸಿಗುತ್ತದೆ. ಹಾಗೆಯೇ ಒಂದು ಪೋರ್ಟಿನಲ್ಲಿ ಫುಲ್ ಡುಪ್ಲೆಕ್ಸ್ (ಏಕಕಾಲಕ್ಕೆ ಎರಡೂ ದಿಕ್ಕಿನ ಸಂಚಾರ) ಎಂದು ಬಲವಂತವಾಗಿ ಬರೆದು ಎದುರಿನದನ್ನು ತಾನೇ ನಿರ್ಧರಿಸಲು ಬಿಟ್ಟರೆ, 10 ಅಥವಾ 100 ಮೆಗಾಬಿಟ್ ಪೋರ್ಟುಗಳಲ್ಲಿ ಎದುರಿನದು ಹಾಫ್ ಡುಪ್ಲೆಕ್ಸ್‌ಗೆ, ಅಂದರೆ ಒಮ್ಮೆಗೆ ಒಂದೇ ದಿಕ್ಕಿನ ಸಂಚಾರಕ್ಕೆ, ಇಳಿಯುತ್ತದೆ. ಹೊರೆಯಿಲ್ಲದಾಗ ಎಲ್ಲವೂ ಚೆನ್ನ, ಹೊರೆ ಬಿದ್ದಾಗ ಡಿಕ್ಕಿಗಳು.

ಕಾನ್ಫಿಗರೇಷನ್ ಕೆಲಸವೊಂದು ಇಡೀ ಜಾಲವನ್ನೇ ಮಲಗಿಸಿದ ನಿದರ್ಶನಗಳೂ ದಾಖಲೆಯಲ್ಲಿವೆ. 1998ರ ಏಪ್ರಿಲ್ 13ರಂದು ಅಮೆರಿಕದ ಎಟಿ ಆ್ಯಂಡ್ ಟಿ ಸಂಸ್ಥೆಯ ಫ್ರೇಮ್ ರಿಲೇ ಜಾಲ ಕುಸಿದು ಕೆಲವು ಗ್ರಾಹಕರಿಗೆ 26 ಗಂಟೆಗಳವರೆಗೆ ಸೇವೆ ಇರಲಿಲ್ಲ. ಒಂದು ಸ್ವಿಚ್ಚಿನ ಕಾರ್ಡಿನ ತಂತ್ರಾಂಶವನ್ನು ಮೇಲ್ದರ್ಜೆಗೇರಿಸುವ ಕೆಲಸದಲ್ಲಿ ಹುಟ್ಟಿಕೊಂಡ ದೋಷಪೂರಿತ ಮಾರ್ಗವೊಂದು ಆಡಳಿತ ಸಂದೇಶಗಳ ಮಹಾಪೂರವನ್ನೇ ಉಳಿದ ಸ್ವಿಚ್ಚುಗಳ ಮೇಲೆ ಹರಿಸಿತ್ತು. ಆಗ ಆ ಸಂಸ್ಥೆ ಕಾರಣವನ್ನು ಬಹಿರಂಗವಾಗಿ ಹೇಳಿ, ಮೂಲ ಕಾರಣ ಸರಿಪಡಿಸುವವರೆಗೆ ಗ್ರಾಹಕರಿಂದ ಶುಲ್ಕ ಪಡೆಯುವುದಿಲ್ಲವೆಂದು ಘೋಷಿಸಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಕಾಣೆಯಾದದ್ದು ತಮ್ಮ ಓದುಗರಿಗೆ ನೆನಪಿರಬಹುದು. ಅದರ ಬೆನ್ನೆಲುಬು ಜಾಲದ ಸಾಮರ್ಥ್ಯವನ್ನು ಅಳೆಯಲು ಕೊಟ್ಟ ಆದೇಶವೊಂದು ಆ ಜಾಲದ ಸಂಪರ್ಕಗಳನ್ನೆಲ್ಲ ಕಡಿದುಹಾಕಿತ್ತು, ಅಂಥ ಆದೇಶಗಳನ್ನು ತಡೆಯಬೇಕಿದ್ದ ಪರಿಶೀಲನಾ ತಂತ್ರಾಂಶದಲ್ಲಿಯೇ ದೋಷವಿತ್ತು. 2022ರ ಜುಲೈ 8ರಂದು ಕೆನಡಾದ ರೋಜರ್ಸ್ ಸಂಸ್ಥೆಯ ಜಾಲ ನಿಂತದ್ದು, ವಿತರಣಾ ರೂಟರಿನಿಂದ ಒಂದು ಸೋಸುವ ನಿಯಮವನ್ನು ಅಳಿಸಿದ್ದರಿಂದ. ಈ ಮೂರರಲ್ಲೂ ಕೇಬಲ್ ಕಡಿದಿರಲಿಲ್ಲ. ಇವು ದೊಡ್ಡ ಘಟನೆಗಳಾದ್ದರಿಂದ ಕಾರಣ ಹೊರಬಂತು. ಒಂದೊಂದೇ ಸಂಪರ್ಕದಲ್ಲಿ ಆಗುವ ತಪ್ಪು ಒಬ್ಬೊಬ್ಬರೇ ಗ್ರಾಹಕರನ್ನು ವರ್ಷಗಟ್ಟಲೆ ಸತಾಯಿಸಿದರೂ ಅದರ ವಿವರಣೆ ಯಾರಿಗೂ ಬೇಕಾಗುವುದಿಲ್ಲ.

ಆದ್ದರಿಂದ ನಾನು ಕೇಳುವ ಹಾಳೆಯಲ್ಲಿ ಏನಿರಬೇಕೆಂದು ಹೇಳುತ್ತೇನೆ. ಎರಡೂ ತುದಿಗಳ ಸ್ವಿಚ್ಚು, ಪೋರ್ಟು, ಆ ಪೋರ್ಟಿನ ಮೇಲಿನ ಗುರುತಿನ ಸಂಖ್ಯೆ, ಖಾತರಿ ವೇಗ, ಗರಿಷ್ಠ ವೇಗ, ಗುಂಪಿನ ಗಾತ್ರ, ಪ್ರತಿಯೊಂದರ ಪಕ್ಕದಲ್ಲಿ ಅದರ ಮಾನ, ಕಟ್ಟುವ ವಿಧಾನ, ಸಾಗಬಲ್ಲ ಅತಿ ದೊಡ್ಡ ಪ್ಯಾಕೆಟ್ಟಿನ ಗಾತ್ರ. ಇವನ್ನು ಗ್ರಾಹಕರ ಅರ್ಜಿಯಿಂದ ನಕಲು ಮಾಡಿ ಕೊಡಬಾರದು, ಕಾನ್ಫಿಗರ್ ಮಾಡಿದ ಮೇಲೆ ಸ್ವಿಚ್ಚಿನಿಂದಲೇ ಓದಿ ತೆಗೆದು ಕೊಡಬೇಕು. ಅರ್ಜಿಯಲ್ಲಿ 2048 ಕಿಲೋಬಿಟ್ ಎಂದಿದ್ದರೆ ಸ್ವಿಚ್ಚಿನಲ್ಲಿ ಏನಿದೆ ಎಂಬುದೇ ಪ್ರಶ್ನೆ. ಜೊತೆಗೆ ಪರೀಕ್ಷೆಯ ಫಲಿತಾಂಶ. ಈಥರ್‌ನೆಟ್ ಸೇವೆಗಳಿಗೆ ಇಂಥ ಪರೀಕ್ಷೆ ಹೇಗಿರಬೇಕೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2011ರಲ್ಲಿಯೇ ವೈ.1564 ಎಂಬ ಶಿಫಾರಸಿನಲ್ಲಿ ಹೇಳಿದೆ: ಮೊದಲು ವೇಗವನ್ನು ಹಂತಹಂತವಾಗಿ ಏರಿಸಿ, ಖಾತರಿ ಮೀರಿದಾಗ ಏನಾಗುತ್ತದೆಂದು ನೋಡಿ ಕಾನ್ಫಿಗರೇಷನ್ ಸರಿಯೇ ಎಂದು ತಿಳಿಯುವುದು, ಅನಂತರ ದೀರ್ಘಕಾಲ ಹೊರೆ ಹಾಕಿ ನಷ್ಟ ಮತ್ತು ವಿಳಂಬಗಳನ್ನು ಅಳೆಯುವುದು. ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ. ಒಂದು ದಿಕ್ಕಿನಲ್ಲಿ ಕಳುಹಿಸಿ ಆ ತುದಿಯಿಂದ ಹಾಗೆಯೇ ಹಿಂದಿರುಗಿಸಿ ಅಳೆಯುವ ಅಗ್ಗದ ವಿಧಾನವನ್ನು ಮಾತ್ರ ಒಪ್ಪಬಾರದು, ಏಕೆಂದರೆ ಹೋಗುವಾಗ ಕಳೆದದ್ದೋ ಬರುವಾಗ ಕಳೆದದ್ದೋ ಎಂಬುದು ಅದರಲ್ಲಿ ತಿಳಿಯುವುದಿಲ್ಲ, ಮೇಲೆ ಹೇಳಿದ ಶಾಖೆಯ ತೊಂದರೆ ಯಾವ ತುದಿಯದೆಂದೂ ಗೊತ್ತಾಗುತ್ತಿರಲಿಲ್ಲ.

ಇದಕ್ಕೆ ಎರಡು ಆಕ್ಷೇಪಗಳನ್ನು ಕೇಳಿದ್ದೇನೆ. ಭದ್ರತೆಯ ದೃಷ್ಟಿಯಿಂದ ಇಂಥ ವಿವರ ಕೊಡಲಾಗದು ಎಂಬುದು ಮೊದಲನೆಯದು. ಜಾಲದ ಒಳಗಿನ ಸ್ವಿಚ್ಚುಗಳ ನಕ್ಷೆಯನ್ನು ಯಾರೂ ಕೇಳುತ್ತಿಲ್ಲ. ತನ್ನದೇ ಸಂಪರ್ಕದ ಎರಡು ತುದಿಗಳ ಸಂಖ್ಯೆಗಳನ್ನು ಗ್ರಾಹಕರು ತಮ್ಮ ರೂಟರಿನಲ್ಲಿ ಹೇಗೂ ಬರೆಯಲೇಬೇಕು, ಅವರಿಂದ ಮುಚ್ಚಿಡುವುದಕ್ಕೆ ಅಲ್ಲಿ ಏನೂ ಇಲ್ಲ. ಎರಡನೆಯದು, ಈಗ ಎಲ್ಲವನ್ನೂ ತಂತ್ರಾಂಶವೇ ಕಾನ್ಫಿಗರ್ ಮಾಡುತ್ತದೆ, ಕೈತಪ್ಪಿನ ಕಾಲ ಮುಗಿಯಿತು ಎಂಬುದು. ಈ ಮಾತಿನಲ್ಲಿ ಹುರುಳಿದೆ. ಎರಡು ತುದಿಗಳನ್ನು ಒಂದೇ ದಾಖಲೆಯಿಂದ ಕಾನ್ಫಿಗರ್ ಮಾಡುವ ತಂತ್ರಾಂಶ ಒಂದು ಕಡೆ 4830, ಇನ್ನೊಂದು ಕಡೆ 2048 ಎಂದು ಬರೆಯಲಾರದು, ಅದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಆ ದಾಖಲೆಯ ಅಚ್ಚಿನಲ್ಲಿಯೇ ಮಾನ ತಪ್ಪಿದ್ದರೆ ಅದೇ ತಪ್ಪು ಸಾವಿರ ಸಂಪರ್ಕಗಳಿಗೆ ಒಂದೇ ರಾತ್ರಿಯಲ್ಲಿ ಹರಡುತ್ತದೆ, ಎರಡೂ ತುದಿ ಒಂದೇ ರೀತಿ ತಪ್ಪಾಗಿರುವುದರಿಂದ ಹೋಲಿಸಿ ನೋಡಿದರೂ ಸಿಕ್ಕಿಬೀಳುವುದಿಲ್ಲ. ಆಗ ಉಳಿಯುವುದು ಹೊರೆ ಹಾಕಿ ನಡೆಸುವ ಪರೀಕ್ಷೆ ಮಾತ್ರ.

ಹಾಳೆಯ ಉಪಯೋಗ ಸಂಪರ್ಕ ಕೊಡುವ ದಿನಕ್ಕೆ ಮುಗಿಯುವುದಿಲ್ಲ. ಕೆಲವು ಸ್ವಿಚ್ಚುಗಳಲ್ಲಿ ಬರೆದ ಕಾನ್ಫಿಗರೇಷನ್ನನ್ನು ಪ್ರತ್ಯೇಕವಾಗಿ ಉಳಿಸದಿದ್ದರೆ, ಮುಂದೆ ಎಂದೋ ವಿದ್ಯುತ್ ಹೋಗಿ ಬಂದಾಗ ಆ ಸಾಲು ಮಾಯವಾಗಿರುತ್ತದೆ. ಆಗ ಮತ್ತೆ ಬರೆಯಲು ಏನಿತ್ತೆಂದು ಯಾರ ಬಳಿಯೂ ಇರುವುದಿಲ್ಲ, ನೆನಪಿನಿಂದ ಬರೆಯುತ್ತಾರೆ. ಸೇವೆ ಬಿಟ್ಟುಹೋದ ಗ್ರಾಹಕರ ಸಂಪರ್ಕವನ್ನು ಅಳಿಸದೆ ಬಿಡುವುದು ಇದಕ್ಕೆ ತದ್ವಿರುದ್ಧವಾದ ಅಭ್ಯಾಸ. ಎಟಿಎಂ ಸ್ವಿಚ್ಚು ಹೊಸ ಸಂಪರ್ಕವನ್ನು ಒಪ್ಪುವ ಮೊದಲು ಲಿಂಕಿನಲ್ಲಿ ಈಗಾಗಲೇ ಕಾದಿರಿಸಿದ ವೇಗವನ್ನೆಲ್ಲ ಕೂಡಿ ನೋಡುತ್ತದೆ, ನಿಜವಾಗಿ ಎಷ್ಟು ಹರಿಯುತ್ತಿದೆ ಎಂಬುದನ್ನಲ್ಲ. ಹೀಗಾಗಿ ಸತ್ತ ಸಂಪರ್ಕಗಳ ಹೆಸರಿನಲ್ಲಿ ಲಿಂಕ್ ತುಂಬಿದಂತೆ ಕಂಡು ಹೊಸಬರ ಅರ್ಜಿ ತಿರಸ್ಕೃತವಾಗುತ್ತದೆ, ಸಾಮರ್ಥ್ಯವಿಲ್ಲ ಎಂಬ ಉತ್ತರ ಬರುತ್ತದೆ, ತಂತಿಯ ಮೇಲೆ ಸೆಲ್‌ಗಳೇ ಇರುವುದಿಲ್ಲ. ಸಂಪರ್ಕ ಕಡಿದಾಗಲೂ ಅಳಿಸಲಾಗಿದೆ ಎಂಬ ಒಂದು ಸಾಲನ್ನು ಅದೇ ಹಾಳೆಯ ಕೆಳಗೆ ಬರೆದು ಕೊಡಲಿ.

ತಮ್ಮ ಪತ್ರಿಕೆಯ ವರದಿಗಾರರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಯಾವುದೇ ಸೇವೆಯ ಜಾಲ ನಿಂತಾಗ, ಯಾವಾಗ ಸರಿಯಾಗುತ್ತದೆ ಎಂಬ ಪ್ರಶ್ನೆಯ ಜೊತೆಗೆ ಇನ್ನೆರಡನ್ನು ಕೇಳಬೇಕು: ನಿಲ್ಲುವುದಕ್ಕೆ ಮುಂಚಿನ ಗಂಟೆಗಳಲ್ಲಿ ಯಾವ ಸ್ವಿಚ್ಚಿನ ಕಾನ್ಫಿಗರೇಷನ್ ಬದಲಾಯಿತು, ಆ ಬದಲಾವಣೆಯನ್ನು ಹಿಂದಕ್ಕೆ ತೆಗೆಯಲು ಎಷ್ಟು ಹೊತ್ತು ಹಿಡಿಯಿತು. ಯಾವುದೂ ಬದಲಾಗಿರಲಿಲ್ಲ ಎಂದು ಉತ್ತರಿಸಿದರೆ, ಬದಲಾವಣೆಗಳನ್ನು ಎಲ್ಲಿ ದಾಖಲಿಸುತ್ತೀರಿ ಎಂದು ಕೇಳಿ, ಆ ಉತ್ತರವನ್ನೂ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ನೆಟ್‌ವರ್ಕ್ ಎಂಜಿನಿಯರ್